ಸರ್ವರ್ ಕೋಣೆಯಲ್ಲಿ ನಿದ್ದೆ

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮ ಯಾದಗಿರಿಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಸರ್ವರ್ ಕೋಣೆ ಬಿಸಿಯಾಗುತ್ತಿದೆ ಎಂದು ನನ್ನ ಫೋನು ಕೂಗಿತು. ಕಂಪ್ಯೂಟರುಗಳ ಹೊಣೆ ನನ್ನದು, ಓಡಿದೆ. ಬಾಗಿಲು ಅರ್ಧ ತೆರೆದು, ಎಸಿಯ ತಂಪೆಲ್ಲ ಹೊರಗೆ ಹೋಗುತ್ತಿತ್ತು. ಒಳಗೆ ಚಾಪೆಯ ಮೇಲೆ, ಅಧ್ಯಯನಕ್ಕೆ ರಕ್ತ ಕೊಡಲು ಕಡೇಚೂರಿನಿಂದ ಬಂದಿದ್ದ ಗರ್ಭಿಣಿಯೊಬ್ಬಳು ನಿದ್ದೆ ಹೋಗಿದ್ದಳು.

"ಇಲ್ಲಿ ಯಾರನ್ನೂ ಬಿಡಂಗಿಲ್ಲ ಅಂತ ಗೊತ್ತಿಲ್ಲೇನು?" ಎಂದು ಅವಳ ಪಕ್ಕ ಕೂತಿದ್ದ ನಮ್ಮ ಸಂಸ್ಥೆಯ ಆಯಾ ಶರಣಮ್ಮನ ಮೇಲೆ ರೇಗಿದೆ.

"ಮೆಲ್ಲಕ ಮಾತಾಡ್ರಿ ಮೇಡಂ. ಈಕಿಗಿ ತಲಿ ತಿರುಗಿ ಚಕ್ಕರ್ ಬಂದಿತ್ತು, ತಂಪಿನಾಗ ಮಲಗಸು ಅಂದ್ರು ಡಾಕ್ಟರು. ಎಸಿ ಇಲ್ಲಿ ಬಿಟ್ರ ಎಲ್ಲೂ ಇಲ್ಲ. ಮಷೀನಿಗಿ ಬಿಸಲು ತಡಿಯಂಗಿಲ್ಲ ಅಂತೀರಿ, ಬಸುರಿಗಿ ತಡೀತದೇನ್ರಿ?"

ಬಾಗಿಲು ಮುಚ್ಚಿ, ಅವಳು ಏಳುವವರೆಗೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ.

ಆ ಕೋಣೆಗೆ ಹೊರಗಿನವರು ಎಷ್ಟು ಜನ ಬಂದರೆಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ನಿಯಮ ನಿಯಮವೇ. "ಇಬ್ಬರು" ಎಂದು ಬರೆದೆ.