ಪುಕ್ಕಲು ಟೀಚರ್ ಅರ್ಜೂಲಾ ಟಗಲ್

ನಮ್ಮ ಚರ್ಚಿನ ಗೋಡೆಗೆ ಮಿಸ್ ಅರ್ಜೂಲಾ ಟಗಲ್ ಅವರ ಫೋಟೋ ಹಾಕಿ, ಕೆಳಗೆ ‘ಧೀರ ಶಿಕ್ಷಕಿ’ ಎಂದು ಬರೆಸಿದ್ದಾರೆ. ಬರೆಸಿದವರಲ್ಲಿ ಒಬ್ಬರೂ ಅವರ ಕ್ಲಾಸಿನಲ್ಲಿ ಕೂತವರಲ್ಲ. ನಾನು ಕೂತಿದ್ದೆ. ಅವರಂಥ ಪುಕ್ಕಲು ಹೆಂಗಸನ್ನು ಅಮೆರಿಕದ ಈ ಇಡೀ ಜಾರ್ಜಿಯಾ ರಾಜ್ಯದಲ್ಲಿ ನಾನು ಕಂಡಿಲ್ಲ. ಹೊರಗೆ ಮೋಟಾರಿನ ಸದ್ದಾದರೆ ಸಾಕು, ಅವರ ಕೈಲಿದ್ದ ಸೀಮೆಸುಣ್ಣ ಮುರಿಯುತ್ತಿತ್ತು.

ಹೆದರಿಕೆಗೆ ಕಾರಣವಿತ್ತು. ಬಿಳಿಯರ ಮಕ್ಕಳು ಓದಿ ಹರಿದು ಬಿಟ್ಟ ಪುಸ್ತಕಗಳೇ ನಮ್ಮ ಕರಿಯರ ಶಾಲೆಗೆ ಬರುತ್ತಿದ್ದವು. ಆ ಪುಸ್ತಕಗಳ ಪ್ರಕಾರ ನಮ್ಮ ಮುತ್ತಜ್ಜಿಯರು ಹತ್ತಿಯ ಹೊಲದಲ್ಲಿ ಹಾಡಿಕೊಂಡು ಪರಮ ಸುಖವಾಗಿದ್ದರಂತೆ! ಮಿಸ್ ಟಗಲ್ ಭೂಗೋಳದ ಪುಸ್ತಕದೊಳಗೆ ತಾವೇ ಬರೆದ ಹಾಳೆಗಳನ್ನು ಇಟ್ಟುಕೊಂಡು ಬೇರೆಯೇ ಪಾಠ ಮಾಡುತ್ತಿದ್ದರು. ಗುಲಾಮಗಿರಿ ತೊಲಗಲಿ ಎಂದು ಸಭೆಗಳಲ್ಲಿ ಮಾತಾಡಿದ, ಪತ್ರಿಕೆಗೆ ಬರೆದ, ಓಡಿಬಂದವರನ್ನು ಮನೆಯಲ್ಲಿ ಬಚ್ಚಿಟ್ಟ ಕರಿಯ ಹೆಂಗಸರ ಪಾಠ. ಮೇಲಿನವರಿಗೆ ತಿಳಿದರೆ ಅವರ ಕೆಲಸ ಹೋದಂತೆಯೇ. ಗಂಡನಿಲ್ಲ, ಹೊಲವಿಲ್ಲ, ಹಾಸಿಗೆ ಹಿಡಿದ ತಾಯಿ ಬೇರೆ.

ಅದಕ್ಕೇ ವರ್ನೆಲ್ ಎಂಬ ದೊಡ್ಡ ಹುಡುಗಿಯನ್ನು ಕಿಟಕಿಯ ಬಳಿ ಕೂರಿಸಿದ್ದರು. ದೂರದಲ್ಲಿ ಕಾರು ಕಂಡರೆ ಅವಳು ಸಣ್ಣಗೆ ಚರ್ಚಿನ ಹಾಡು ಗುನುಗಬೇಕು. ಹಾಳೆಗಳು ಊಟದ ಡಬ್ಬಿಗೆ, ಸಿಹಿಗೆಣಸಿನ ಅಡಿಗೆ ಹೋಗುತ್ತಿದ್ದವು. ನಾವು ಗಂಭೀರವಾಗಿ ಬ್ರೆಜಿಲ್ ದೇಶದ ನದಿಗಳನ್ನು ಎಣಿಸುತ್ತಿದ್ದೆವು.

ಇನ್ನೊಂದು ರೂಢಿಯೂ ಇತ್ತು. ಯಾರಾದರೂ ಅತಿಥಿ ಬಂದರೆ ಸರದಿಯ ಮಗು ಹೇಳಿಸಿಕೊಳ್ಳದೆ ಎದ್ದುನಿಂತು, ಹೊಸದಾಗಿ ಕಲಿತದ್ದನ್ನು, ಆ ಹೆಂಗಸು ತಾನೇ ಎಂಬಂತೆ, ಬಾಯಿಪಾಠ ಒಪ್ಪಿಸಬೇಕು. ಪಾದ್ರಿಯೋ ಚರ್ಚಿನ ಹಿರಿ ಹೆಂಗಸರೋ ಬರುತ್ತಿದ್ದರು, ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಶಾಲೆಯ ತಪಾಸಣೆಗೆಂದು ವರ್ಷಕ್ಕೊಮ್ಮೆ ಬರುತ್ತಿದ್ದ ಬಿಳಿಯ ಸಾಹೇಬರನ್ನು ಏಳು ವರ್ಷದ ನಾನು ಇನ್ನೂ ನೋಡಿರಲಿಲ್ಲ.

ಆ ಫೆಬ್ರವರಿಯಲ್ಲಿ ಅವರ ಕಾರು ಹಳ್ಳದ ಕೆಸರಿನಲ್ಲಿ ಹೂತುಕೊಂಡಿತು. ಆ ಸಾಹೇಬರು, ಮಿಸ್ಟರ್ ಸ್ಟ್ಯಾನ್ಸಿಲ್, ಕಾಡಿನ ದಾರಿಯಲ್ಲಿ ನಡೆದೇ ಬಂದರು. ವರ್ನೆಲ್ ರಸ್ತೆಯನ್ನೇ ನೋಡುತ್ತಿದ್ದಳು. ಬಾಗಿಲು ತೆರೆಯಿತು. ಅವತ್ತು ಸರದಿ ನನ್ನದು. ಬುದ್ಧಿ ಓಡುವ ಮೊದಲೇ ಕಾಲು ಎದ್ದು ನಿಂತಿತು, ಬಾಯಿ ತೆರೆಯಿತು.

“ನನ್ನ ಹೆಸರು ಕೆಜಾಯಾ ಮೇಬ್ರಿ. ಫಿಲಡೆಲ್ಫಿಯಾದಲ್ಲಿ ಬಟ್ಟೆ ಒಗೆಯುವವಳು. ಓಡಿಬಂದ ಹದಿನೇಳು ಜನರನ್ನು ಬಚ್ಚಿಟ್ಟೆ. ಸಭೆಯಲ್ಲಿ ಹೆಂಗಸು ಬಾಯಿಬಿಡಬಾರದು ಎಂದರು, ಬಾಯಿಬಿಟ್ಟೆ. ನನ್ನ ತಾಯಿಯನ್ನು ಮಾರಿದವರು...”

ಅಲ್ಲಿಗೆ ನಿಲ್ಲಿಸಿದೆ. ಮಿಸ್ ಟಗಲ್ ಅವರ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಇದನ್ನ ಯಾರು ಹೇಳ್ಕೊಟ್ಟಿದ್ದು ನಿಂಗೆ?” ಸ್ಟ್ಯಾನ್ಸಿಲ್ ಮೆತ್ತಗೆ ಕೇಳಿದರು. ಆ ಮೆತ್ತನೆ ದನಿಗೇ ನನಗೆ ಚಡ್ಡಿ ಒದ್ದೆಯಾಯಿತು.

“ನಮ್ಮಜ್ಜಿ, ಸಾರ್.”

“ಎಲ್ಲವಳೆ ನಿಮ್ಮಜ್ಜಿ?”

“ಸತ್ತೋದ್ಲು, ಸಾರ್.”

“ನಿಮ್ಮಪ್ಪನ ಹೆಸರೇನು?”

“ಲೂಥರ್ ಬ್ಯಾಸ್ಕಂ, ಸಾರ್. ಮರದ ಮಿಲ್ಲಲ್ಲಿ ಕೆಲ್ಸ.”

ಅವರು ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು. “ಮಿಲ್ ಯಜಮಾನ ನನ್ ಸ್ನೇಹಿತಾನೇ. ಒಂದ್ ಮಾತು ಹಾಕಿರ್ತೀನಿ. ಅರ್ಜೂಲಾ, ಇಂಥ ಮನೆ ಮಕ್ಕಳ ಮೇಲೆ ಒಂದ್ ಕಣ್ಣಿಟ್ಟಿರು.”

ಹಾಗೆಂದು ಹೊರಟರು. ಮಿಸ್ ಟಗಲ್ ಬಚಾವಾಗಿದ್ದರು. ನಾನು ಜಾಣೆ ಎಂದುಕೊಂಡೆ. ಆದರೆ ವರ್ನೆಲ್ ಅಳುತ್ತಿದ್ದಳು. ಹೋದ ವರ್ಷ ಹೀಗೇ ಯಾರದೋ ಒಂದು ಮಾತಿಗೆ ಅವಳ ಚಿಕ್ಕಪ್ಪನನ್ನು ಬಿಳಿಯರು ಮನೆಯಿಂದ ಎಳೆದೊಯ್ದಿದ್ದರು. ಸಿಕ್ಕಿದ್ದು ಟೋಪಿ ಮಾತ್ರ. ಆಗ ನನಗೆ ಅರ್ಥವಾಯಿತು. ಅಪ್ಪ, ಅಪ್ಪ ಎಂದು ಎದೆ ಬಡಿದುಕೊಳ್ಳತೊಡಗಿತು.

ಮಿಸ್ ಟಗಲ್ ಕಲ್ಲಿದ್ದಲಿನ ಬಕೆಟ್ಟಿಗೆ ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತರು. ಹೋಗಬೇಡಿ ಎನ್ನಬೇಕಿತ್ತು ನಾನು. ಹೋಗಲಿ ದೇವರೇ ಎಂದುಕೊಂಡೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ನಾವೆಲ್ಲ ಕಿಟಕಿಗೆ ಮುತ್ತಿದೆವು.

“ಸಾರ್! ನಿಂತ್ಕೊಳಿ ಸಾರ್!” ಮಿಸ್ ಟಗಲ್ ಕೆಸರಿನಲ್ಲಿ ಜಾರುತ್ತ ಓಡಿದರು. “ಮಗು ಸುಳ್ಳು ಹೇಳ್ತು, ಸಾರ್. ನಾನೇ ಕಲ್ಸಿದ್ದು. ನಾನೇ ಬರ್ದಿದ್ದು. ಅವಳಪ್ಪಂಗೆ ಏನೂ ಗೊತ್ತಿಲ್ಲ. ಆ ಹೆಸರು ಹೊಡೆದಾಕ್ಬಿಡಿ, ಸಾರ್.”

“ತಲೆ ಕೆಟ್ಟಿದ್ಯಾ ನಿಂಗೆ? ನಿನ್ ಹೆಸರು ಬರೀಲಾ ಹಂಗಾದ್ರೆ?”

“ಬರೀರಿ, ಸಾರ್.”

ಅವರು ಬರೆದರು. ಮಿಸ್ ಟಗಲ್ ಕದಲಲಿಲ್ಲ. “ಆ ಇನ್ನೊಂದು ಹೆಸರು, ಸಾರ್,” ಎಂದರು. ಸ್ಟ್ಯಾನ್ಸಿಲ್ ಪೆನ್ಸಿಲ್ಲಿನಿಂದ ಗೀಟು ಎಳೆಯುವವರೆಗೂ ನಿಂತೇ ಇದ್ದರು.

“ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಒಳಗೆ ಬಂದಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು.

“ಕೂತ್ಕೊಳ್ರೋ ಎಲ್ಲಾ. ಯಾಕೆ ದೆವ್ವ ನೋಡಿದಂಗೆ ನೋಡ್ತೀರ? ಗಂಟೆ ಇನ್ನೂ ಹನ್ನೊಂದು. ನಾಳೆ ತಾನೇ ಬರ್ಬೇಡ ಅಂದಿದ್ದು.”

ಭೂಗೋಳದ ಪುಸ್ತಕದಿಂದ ಇಡೀ ವರ್ಷದ ಹಾಳೆಗಳನ್ನು ತೆಗೆದು ಒಂದೊಂದನ್ನೇ ಓದಿ ಒಲೆಗೆ ಹಾಕುತ್ತ ಹೋದರು. ಓದುವ ಮೊದಲು ಪ್ರತಿ ಹೆಂಗಸಿನ ಹೆಸರನ್ನೂ ನೆನಪಿಟ್ಟುಕೊಳ್ಳಲು ನಮ್ಮಲ್ಲಿ ಒಬ್ಬೊಬ್ಬರಿಗೆ ವಹಿಸಿದರು: ಇವಳು ನಿನ್ನವಳು, ಇವಳು ನಿನ್ನವಳು. ಮೂರು ಗಂಟೆಯ ಹೊತ್ತಿಗೆ ಕೈಯಲ್ಲಿ ಹಾಳೆ ಉಳಿದಿರಲಿಲ್ಲ.

“ಬರ್ಕೋಬೇಡಿ,” ಎಂದರು. “ದಮ್ಮಯ್ಯ, ಎಲ್ಲೂ ಬರ್ಕೋಬೇಡಿ.”