ಜಿಂಕೆ ಅಡ್ಡ ಬಂತೆಂದು ಒತ್ತು!

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುಪೀರಿಯರ್ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಶೆಡ್ಡಿನ ತಗಡು ಬಡಿದುಕೊಳ್ಳುತ್ತಿದೆ. ಒಳಗೆ ಹಳೆಯ ಪಿಕಪ್ ಟ್ರಕ್ಕೊಂದರ ಅಡಿಯಿಂದ ಎರಡು ಬೂಟುಗಳು ಹೊರಚಾಚಿವೆ. ಬೂಟುಗಳ ಒಡತಿ ಐಲಿ ಹೌತಾಲಾ, ಅರವತ್ತು ದಾಟಿದ ಮೆಕ್ಯಾನಿಕ್. "ಬಾಗಿಲು ಹಾಕ್ಕೊಂಡು ಬನ್ನಿ. ಬೀದಿಗೆಲ್ಲ ಕಾವು ಕೊಡೋಕೆ ನಾನೇನು ಸೂರ್ಯನಾ?" ಎಂಬ ಸ್ವಾಗತ, ಊರಿನ ಪತ್ರಿಕೆಗೆ ಬರೆಯಲು ಬಂದ ನನಗೆ, ಟ್ರಕ್ಕಿನ ಅಡಿಯಿಂದಲೇ ಸಿಗುತ್ತದೆ.

ಟ್ರಕ್ಕು ಟೌನೋ ಮಾಕೆಲಾ ಅವರದು. ನಾಳೆ ಜಿಂಕೆ ಬೇಟೆಯ ಮೊದಲ ದಿನ. ನಮ್ಮ ಕಡೆ ಆ ದಿನ ಶಾಲೆಗೂ ರಜೆ, ಮದುವೆಗೂ ಮುಹೂರ್ತವಿಲ್ಲ. ಟೌನೋ ಅವರ ಹೆಂಡತಿ ಎಲ್ಮಾ ಪಾರ್ಶ್ವವಾಯು ಬಡಿದ ಮೇಲೆ ಕ್ಯಾಂಪ್ ಎಂದು ಕರೆಯುವ ಕಾಡಿನ ಬೇಟೆಮನೆಯ ಕಡೆ ತಲೆ ಹಾಕಿರಲಿಲ್ಲ. ಈ ಸಲ ಬಂದೇ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಮಧ್ಯಾಹ್ನದೊಳಗೆ ಹೊರಟರೆ ಕತ್ತಲಾಗುವ ಮುಂಚೆ ಅಲ್ಲಿ ಒಲೆ ಹೊತ್ತಿಸಿ, ಸೌನಾ ಎಂಬ ಹಬೆಕೋಣೆ ಕಾಯಿಸಬಹುದು ಎಂಬುದು ಟೌನೋ ಅವರ ಲೆಕ್ಕಾಚಾರ.

ಆದರೆ ನಿನ್ನೆ ಹಿಂದಿನ ಚಕ್ರಗಳ ಬ್ರೇಕ್ ಕೊಳವೆ ತುಕ್ಕು ತಿಂದು ತೂತಾಗಿದೆ. ಆಗ ಟೌನೋ ಮಾಡಿದ್ದು ನಮ್ಮೂರಿನ ಗಂಡಸರೆಲ್ಲ ಮಾಡುವುದನ್ನೇ. ಒಡೆದ ಕೊಳವೆಯನ್ನು ಇಕ್ಕಳದಲ್ಲಿ ಅಮುಕಿ, ಮಡಚಿ, ಮುಂದಿನ ಬ್ರೇಕನ್ನಷ್ಟೇ ನಂಬಿಕೊಂಡು ಗಾಡಿ ಓಡಿಸಿದ್ದಾರೆ. ಬೇಟೆಯ ಹೊತ್ತಿನಲ್ಲಿ ಈ ಜಾಣತನ ಇಲ್ಲಿ ನೆಗಡಿಯಷ್ಟೇ ಸಾಮಾನ್ಯ. ವಿಷಯ ತಿಳಿದ ಎಲ್ಮಾ ಬೈದು ಅವರನ್ನು ಇಲ್ಲಿಗೆ ಅಟ್ಟಿದ್ದಾರೆ. "ಅರ್ಧ ಬ್ರೇಕ್ ಇಟ್ಕೊಂಡು ಹೊರಟೋನು ಅರ್ಧ ದಾರಿಗೇ ಮುಟ್ಟೋದು" ಎಂದು ಐಲಿ ತಮ್ಮ ಪಾಲನ್ನೂ ಸೇರಿಸಿದ್ದಾರೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಮ್ಮಲ್ಲಿ ಉಪ್ಪೇ ಗಾಡಿಗಳನ್ನು ತಿನ್ನುತ್ತದೆ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಚಳಿಗಾಲವಿಡೀ ಟ್ರಕ್ಕುಗಳ ಹೊಟ್ಟೆಗೆ ಮೆತ್ತಿಕೊಂಡು ಕೊಳವೆಗಳನ್ನು ಸದ್ದಿಲ್ಲದೆ ಕೊರೆಯುತ್ತದೆ. ತಾಮ್ರದ ಗಣಿ ಮುಚ್ಚಿ ಗಂಡನ ಕೆಲಸ ಹೋದ ವರ್ಷ ಐಲಿ ಈ ಕಸುಬಿಗೆ ಇಳಿದರು. ಇವರು ಗಾಡಿಯ ಅಡಿಯಲ್ಲಿ, ಗಂಡ ಮೇಲೆ ಪೆಡಲ್ ಒತ್ತಲು. ಗಂಡ ತೀರಿಕೊಂಡ ಮೇಲೆ ಪೆಡಲ್ ಒತ್ತುವುದು ಗಿರಾಕಿಯ ಪಾಲಿಗೆ ಬಂದಿದೆ. "ಮೊದಮೊದಲು ಬಂದೋರೆಲ್ಲ ಮೆಕ್ಯಾನಿಕ್ ಎಲ್ಲಿ ಅಂತ ಕೇಳೋರು. ಊಟಕ್ಕೆ ಹೋಗಿದ್ದಾನೆ, ನೀವೂ ಹೋಗಿ ಬನ್ನಿ ಅಂತಿದ್ದೆ" ಎಂದು ನಗುತ್ತಾರೆ. ಚಳಿ ನೆಲದಲ್ಲಿ ಮಲಗಿ ಮಲಗಿ ಭುಜ ಹಿಡಿದುಕೊಂಡಿದೆ, ಬ್ರೇಕ್ ಎಣ್ಣೆಗೆ ಬೆರಳ ತುದಿಗಳು ಬಿರಿದಿವೆ.

ಅವರ ಕೆಲಸದಲ್ಲಿ ಅವಸರಕ್ಕೆ ಜಾಗವಿಲ್ಲ. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗುವುದಿಲ್ಲ. ಚಕ್ರಗಳಿಗೆ ಅಡ್ಡ ಕೊಟ್ಟು, ಕಬ್ಬಿಣದ ಊರುಗಾಲುಗಳ ಮೇಲೆ ಗಾಡಿ ಕೂರಿಸಿ, ಭುಜದಿಂದ ಗುದ್ದಿ ಅಲುಗಾಡಿಸಿ ನೋಡಿದ ಮೇಲೇ ಒಳಗೆ ನುಸುಳುತ್ತಾರೆ. ಒಡೆದ ಕಡೆಯಷ್ಟೇ ಕತ್ತರಿಸಿ ತುಂಡು ಸೇರಿಸುವುದೂ ಇಲ್ಲ. ಹಳೆಯದನ್ನು ಪೂರ್ತಿ ಕಿತ್ತು, ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಹೊಸ ಕೊಳವೆಯನ್ನು ಅದೇ ದಾರಿಯಲ್ಲಿ ಬಾಗಿಸಿ ಕೂರಿಸುತ್ತಾರೆ.

ಹಿಂದಿನ ಕೊಳವೆ ಮುಗಿಯುವ ಹೊತ್ತಿಗೆ ಅಡಿಯಿಂದ ಕರೆ ಬರುತ್ತದೆ. "ಟೌನೋ, ಮುಂದಿನದ್ದೂ ಹೋಗಿದೆ ಕಣೋ."

"ಸೋರ್ತಾ ಇಲ್ವಲ್ಲ!"

"ಸೋರ್ತಿಲ್ಲ. ಬರೀ ತುಕ್ಕೇ ಅದನ್ನ ಹಿಡಿದು ನಿಲ್ಸಿದೆ. ಸಂಜೆವರೆಗೂ ಬಿಡು, ಅದನ್ನೂ ಬದಲಾಯಿಸ್ತೀನಿ."

"ಬೇಟೆ ಮುಗಿಸಿ ಬಂದ್ಮೇಲೆ ನೋಡೋಣ ಮಾರಾಯ್ತಿ. ಎಲ್ಮಾ ಕೋಟು ಹಾಕ್ಕೊಂಡು ಕಾಯ್ತಾ ಕೂತಿದ್ದಾಳೆ. ಕೀಲಿ ಕೊಡು."

ಕ್ಯಾಂಪಿನ ದಾರಿ ನನಗೂ ಗೊತ್ತು. ಕೊನೆಯಲ್ಲಿ ಕಡಿದಾದ ಇಳಿಜಾರು, ಅದರ ಬುಡದಲ್ಲಿ ಹೊಳೆ, ಹೊಳೆಗೆ ಒಂದೇ ಗಾಡಿ ಹಿಡಿಸುವ ಮರದ ಸೇತುವೆ. ಐಲಿ ವಾದ ಮಾಡುವುದಿಲ್ಲ. ಪ್ರತಿ ಗಾಡಿಗೂ ಮಾಡುವಂತೆ, ದೂರದ ಚಕ್ರದಿಂದ ಶುರುಮಾಡಿ ಕೊಳವೆಯಲ್ಲಿ ಸೇರಿದ ಗಾಳಿಯನ್ನೆಲ್ಲ ಹೊರಹಾಕುತ್ತಾರೆ. ಆಮೇಲೆ ಟೌನೋ ಅವರನ್ನು ಸೀಟಿನಲ್ಲಿ ಕೂರಿಸಿ ಎಂಜಿನ್ ಹಾಕಿಸುತ್ತಾರೆ. ಕೀಲಿ ಕೈಗೆ ಸಿಗಬೇಕಾದರೆ ಈ ಪರೀಕ್ಷೆ ಆಗಲೇಬೇಕು.

"ಜಿಂಕೆ ಅಡ್ಡ ಬಂತು ಅಂದ್ಕೊಂಡು ಒತ್ತು."

ಟೌನೋ ಬೇಕೋ ಬೇಡವೋ ಎಂಬಂತೆ ಒತ್ತುತ್ತಾರೆ.

"ಇದು ಮೊಲಕ್ಕೆ ಆಯ್ತು. ನಾನು ಹೇಳಿದ್ದು ಜಿಂಕೆ. ನನ್ನ ಮೇಲಿರೋ ಸಿಟ್ಟೆಲ್ಲ ಕಾಲಿಗೆ ಹಾಕಿ ಒತ್ತೋ!"

ಟೌನೋ ಹಲ್ಲು ಕಚ್ಚಿ ಒತ್ತುತ್ತಾರೆ. ಫಟ್ ಎಂದು ಸಣ್ಣ ಸದ್ದು. ಕಾಲಿನ ಕೆಳಗೆ ಪೆಡಲ್ ಕುಸಿಯುತ್ತದೆ. ಮುಂದಿನ ಚಕ್ರದ ಬಳಿ ಎಣ್ಣೆ ಧಾರೆಯಾಗಿ ನೆಲಕ್ಕೆ ಸುರಿಯುತ್ತದೆ.

ಟೌನೋ ಎಂಜಿನ್ ಆರಿಸುತ್ತಾರೆ, ಆದರೆ ಇಳಿಯುವುದಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಪಕ್ಕದ ಖಾಲಿ ಸೀಟನ್ನು ನೋಡುತ್ತಾರೆ. "ಅವಳು ಇಲ್ಲೇ ಕೂತಿರ್ತಿದ್ಲು" ಎನ್ನುತ್ತಾರೆ.

ನಾನಾಗಿದ್ದರೆ ಎರಡು ಮಾತು ಆಡಿಯೇ ತೀರುತ್ತಿದ್ದೆ. ಐಲಿ ಆಡುವುದಿಲ್ಲ. "ಮನೆಗೆ ಫೋನ್ ಮಾಡು. ನಾಳೆ ಹೊರಡೋಣ ಅಂತ ಹೇಳು" ಎಂದಷ್ಟೇ ಹೇಳಿ ಮತ್ತೆ ಅಡಿಗೆ ಸರಿಯುತ್ತಾರೆ.

ಮಧ್ಯಾಹ್ನ ಎಲ್ಮಾ ಪಕ್ಕದ ಮನೆಯವರ ಕಾರಿನಲ್ಲಿ ಬರುತ್ತಾರೆ. ಕೈಯಲ್ಲಿ ಊರುಗೋಲು, ಮಡಿಲಲ್ಲಿ ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಬಿಸಿ ಪಾಸ್ಟಿಗಳು. ಬೇಟೆಯ ಮೊದಲ ಬೆಳಗು ತಪ್ಪಿತೆಂದು ಗಂಡ ಮುಖ ಸಣ್ಣದು ಮಾಡಿಕೊಂಡರೆ, "ಜಿಂಕೆ ನಾಡಿದ್ದೂ ಇರುತ್ತೆ. ನಾವಿರಬೇಕಲ್ಲ?" ಎಂದು ಒಂದು ಪಾಸ್ಟಿಯನ್ನು ಅವರ ಕೈಗಿಡುತ್ತಾರೆ.

ಸಂಜೆ ಎರಡನೆಯ ಪರೀಕ್ಷೆ. ಈ ಸಲ ಯಾರೂ ಹೇಳಬೇಕಾಗಿಲ್ಲ, ಟೌನೋ ಎರಡು ಕಾಲನ್ನೂ ಊರಿ ಒತ್ತುತ್ತಾರೆ. ಪೆಡಲ್ ಬಂಡೆಯಂತೆ ನಿಲ್ಲುತ್ತದೆ. ಐಲಿ ಪ್ರತಿ ಜೋಡಣೆಗೂ ಒಣ ಕಾಗದ ಒತ್ತಿ, ಹನಿ ಇಲ್ಲವೆಂದು ದೀಪದ ಬೆಳಕಿನಲ್ಲಿ ನೋಡುತ್ತಾರೆ. ಗಾಡಿಯನ್ನು ತಾವೇ ನಿಧಾನವಾಗಿ ರಸ್ತೆಯಲ್ಲಿ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ತಂದ ಮೇಲೆ ಕೀಲಿಯನ್ನು ಎಲ್ಮಾ ಅವರ ಕೈಗೆ ಕೊಡುತ್ತಾರೆ.

ಅವರು ಹೋದ ಮೇಲೆ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಐಲಿ ಕೈ ಒರೆಸಿಕೊಳ್ಳುತ್ತಾರೆ.

"ನಾನು ಬ್ರೇಕ್ ಮಾಡಿಕೊಟ್ಟ ಗಾಡಿ ಅಪಘಾತದ ಸುದ್ದಿ ನಿಮ್ಮ ಪೇಪರ್‌ನಲ್ಲಿ ಬರಬಾರದು, ಅಷ್ಟೇ. ಇಲ್ಲಿವರೆಗೂ ಬಂದಿಲ್ಲ. ದಿನಾ ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡೋದು ನಾನು."