ಹಿಮದ ಮೇಲೊಂದು ಮಡಿ ಸ್ನಾನ

ನಾನು ಕಲ್ಯಾಣದುರ್ಗದ ಅಕ್ಕನ ಮನೆ ಮುಟ್ಟುವಷ್ಟರಲ್ಲಿ ನನ್ನ ಕೀರ್ತಿ ನನಗಿಂತ ಮೊದಲೇ ಬಸ್ಸಿಳಿದಿತ್ತು. ಪಡಸಾಲೆಯ ತುಂಬ ಅಕ್ಕಪಕ್ಕದ ಹೆಂಗಸರು. "ಇವ್ಳೇ ಕಣಮ್ಮ ನನ್ ತಂಗಿ. ಇವ್ಳ ಸ್ನಾನದಿಂದ್ಲೇ ಅಷ್ಟೂ ಜನ ಬದುಕ್ಕಂಡಿದ್ದು," ಎಂದು ಅಕ್ಕ ಕೈ ಹಿಡಿದು ಎಳೆದಳು. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು ನನಗೆ.

ನಡೆದದ್ದು ಇಷ್ಟೆ. ಈ ಏಪ್ರಿಲ್‌ನಲ್ಲಿ ಹಿಂದೂಪುರದ ನಮ್ಮ ವಾಕಿಂಗ್ ಗುಂಪು ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೊರಟಿತು. ಹುಣಸೆಹಣ್ಣಿನ ಮಂಡಿಯಲ್ಲಿ ಕೂತು ಕೂತು ಮೊಣಕಾಲು ಹಿಡಿದುಹೋಗಿದ್ದ ನಾನೂ ಹೊರಟೆ. ಭಾವನ ಆಪರೇಷನ್ ಸುಸೂತ್ರವಾಗಿತ್ತಲ್ಲ, ಆ ಹರಕೆಗೆ ಅಕ್ಕ ಒಂದು ತೆಂಗಿನಕಾಯಿ ಕೊಟ್ಟಿದ್ದಳು. "ಶಿವನ ಬೆಟ್ಟದ ನೆತ್ತೀಲಿ ಒಡೀಬೇಕು. ಮೈಲಿಗೇಲಿ ಮುಟ್ಬುಟ್ಟೀಯ!"

ನೆತ್ತಿ ಹತ್ತುವ ಹಿಂದಿನ ಸಂಜೆ ಗೈಡ್ ಹಿಂದಿಯಲ್ಲಿ ಬಿಡಿಸಿ ಹೇಳಿದ. ವಸಂತದ ಹಿಮ ರಾತ್ರಿ ಗಟ್ಟಿಯಾಗುತ್ತದೆ, ಬಿಸಿಲೇರಿದರೆ ನೀರಾಡಿ ಸಡಿಲವಾಗುತ್ತದೆ. ಕತ್ತಲಿರುವಾಗಲೇ ಹೊರಡಬೇಕು. ಕಡಿದಾದ ಇಳಿಜಾರನ್ನು ಒಬ್ಬೊಬ್ಬರಾಗಿ, ನಡುವೆ ದೂರ ಬಿಟ್ಟು ದಾಟಬೇಕು, ಬಿಸಿಲು ಚುರುಕಾಗುವ ಮೊದಲು ಹಿಂದಿರುಗಬೇಕು. ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿದೆ.

ಬೆಳಗಿನ ಜಾವ ಎಲ್ಲರೂ ಬೂಟು ಕಟ್ಟಿ ನಿಂತರೆ ನಾನು ಅಡುಗೆಯವನಿಗೆ ನೀರು ಕಾಯಿಸು ಎಂದು ಗೋಗರೆಯುತ್ತಿದ್ದೆ. ಸ್ನಾನವಿಲ್ಲದೆ ಹರಕೆಯ ಕಾಯಿ ಮುಟ್ಟುವುದು ಹೇಗೆ? ಅಲ್ಲಿ ನೀರೆಂದರೆ ಮಂಜುಗಡ್ಡೆ, ಅದು ಕರಗಿ ಕಾಯಬೇಕು. ದೇವರ ಕೆಲಸಕ್ಕೆ ಬೇಡ ಅನ್ನುವ ಎದೆ ನಮ್ಮೂರಲ್ಲಿ ಯಾರಿಗಿದೆ? ಗುಂಪಿನವರು ಹಲ್ಲು ಕಚ್ಚಿಕೊಂಡು ಕಾದರು. ಟೆಂಟಿನ ಹಿಂದೆ ಗಡಗಡ ನಡುಗುತ್ತ ಎರಡು ಚೆಂಬು ಸುರಿದುಕೊಂಡು ಬರುವಷ್ಟರಲ್ಲಿ ಬೆಳಗಾಗಿತ್ತು.

ಇಳಿಜಾರಿನ ಬುಡ ತಲುಪಿದಾಗ ಅದರ ಮೇಲೆಲ್ಲ ಬಿಸಿಲು. ಗೈಡ್ ಕೋಲು ಚುಚ್ಚಿದ. ಅದು ಹಿಡಿಯವರೆಗೂ ಇಳಿಯಿತು. ಇವತ್ತು ಆಗುವುದಿಲ್ಲ, ವಾಪಸ್ ಹೋಗೋಣ ಎಂದ.

ನಾನು ಸುಮ್ಮನಿದ್ದೆನೇ? "ಒಂದು ಕಾಯಿ ಒಡೆಯೋ ಕೆಲ್ಸ. ಎಲ್ರೂ ಕೈ ಕೈ ಹಿಡ್ಕಂಡು ಹಿಂಗೋಗಿ ಹಂಗ್ ಬಂದ್ಬುಡೋಣ," ಎಂದು ಜಗಳಕ್ಕೇ ನಿಂತೆ. ಇಬ್ಬರು ನನ್ನ ಜೊತೆ ಹೆಜ್ಜೆ ಎತ್ತಿಯೂ ಆಗಿತ್ತು. ಗೈಡ್ ದಾರಿಗೆ ಅಡ್ಡ ನಿಂತು ಎಲ್ಲರನ್ನೂ ಹಿಂದಕ್ಕೆ ಹೊರಡಿಸಿದ.

ದೂರದ ದಿಬ್ಬದ ಮೇಲೆ ಮುಖ ಊದಿಸಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದೆವು. ಆಗ ಆ ಇಳಿಜಾರಿನ ಹಿಮವೆಲ್ಲ ಜಾರಿತು. ಮಂಡಿಯಲ್ಲಿ ಹುಣಸೆಬೀಜದ ರಾಶಿಯ ಬುಡ ಕೆದಕಿದರೆ ಮೇಲಿನದೆಲ್ಲ ಸರಸರ ಇಳಿಯುತ್ತದಲ್ಲ, ಹಾಗೆ. ತಟ್ಟೆ ಬಿಟ್ಟು ಎಲ್ಲರೂ ಎದ್ದು ನಿಂತೆವು. ಕೊನೆಗೆ ಯಾರೋ ನನ್ನ ಕಡೆ ತಿರುಗಿ, "ನಿಮ್ ಸ್ನಾನ ಕಾಪಾಡ್ಬುಡ್ತು ನಮ್ಮನ್ನ," ಎಂದರು. ಅಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಆ ಮಾತೇ ಈಗ ಅಕ್ಕನ ಪಡಸಾಲೆಯಲ್ಲಿ ಕಾಫಿಯ ಜೊತೆ ಹಂಚಿಕೆಯಾಗುತ್ತಿತ್ತು. ಕಾಲೇಜು ಓದುವ ಅಕ್ಕನ ಮಗಳು, "ಬರೋ ವರ್ಷ ನಾನೂ ಅದೇ ಬೆಟ್ಟಕ್ಕೆ ಹೋಯ್ತೀನಿ ಚಿಕ್ಕಮ್ಮ," ಎಂದಳು.

"ಹೋಗು," ಎಂದಳು ಅಕ್ಕ. "ಎಷ್ಟೊತ್ತಾದ್ರೂ ಆಗ್ಲಿ, ಸ್ನಾನ ಮಾಡ್ದೆ ಮಾತ್ರ ಹೊರಡ್ಬೇಡ. ಚಿಕ್ಕಮ್ಮನ್ನ ನೋಡ್ದ್ಯಲ್ಲ?"

ಹುಡುಗಿ ನನ್ನಂತೆಯೇ ತಲೆಯಾಡಿಸಿದಳು.

"ಸ್ನಾನ ಯಾರನ್ನೂ ಕಾಪಾಡ್ಲಿಲ್ಲ ಕಣಕ್ಕ," ಎಂದೆ. ಎಲ್ಲರೂ ತಿರುಗಿದರು. "ಹೊತ್ತಿಗೆ ಸರ್ಯಾಗಿ ಹೊಂಟಿದ್ರೆ, ಅದು ಜಾರೋದ್ರೊಳಗೆ ಕಾಯಿ ಒಡ್ದು ಕೆಳಗಿಳ್ದಿರ್ತಿದ್ವಿ. ತಡ ಮಾಡ್ದೋಳು ನಾನು. ತಡ ಆದ್ಮೇಲೂ ಹೋಗೋಣ ಅಂತ ಕುಣ್ದೋಳೂ ನಾನೇ. ಗೈಡ್ ನನ್ ಮಾತು ಕೇಳಿದ್ರೆ ಇವತ್ತು ನನ್ ಫೋಟೋಗೆ ಹಾರ ಹಾಕ್ತಿದ್ರಿ."

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಕೋಪ ಬಂದರೆ ಅಕ್ಕನ ಬಾಯಲ್ಲಿ ತೆಲುಗೇ ಬರುವುದು. "ನಾ ಪರುವು ತೀಸ್ತಿವಿ ಗದೇ," ಎಂದಳು, ನನ್ನ ಮರ್ಯಾದೆ ತೆಗೆದೆಯಲ್ಲೇ ಎಂದು. ನಾನು ವಾಪಸ್ ತಂದಿದ್ದ ಒಡೆಯದ ಕಾಯಿಯನ್ನು ಎತ್ತಿಕೊಂಡು ಒಳಗೆ ಹೋದವಳು ಊಟಕ್ಕೆ ಕರೆಯಲಿಲ್ಲ.

ಚಪ್ಪಲಿ ಮೆಟ್ಟುವಾಗ ಹುಡುಗಿ ಹೊಸಿಲಿಗೆ ಬಂದು, "ಹಂಗಾದ್ರೆ ಎಷ್ಟೊತ್ತಿಗೆ ಹೊರಡ್ಬೇಕು ಚಿಕ್ಕಮ್ಮ?" ಎಂದಳು.

"ನಕ್ಷತ್ರ ಇರೋವಾಗ್ಲೇ ಕಣೇ," ಎಂದೆ. "ನಿಮ್ಮಮ್ಮ ಕಾಯಿ ಕೊಟ್ರೆ ಇಲ್ಲೇ ಬಿಟ್ಟೋಗು. ಮುಖಾನೂ ತೊಳೀಬೇಡ."